ಡೋತ್ಸೆ ಮೇಷ್ಟ್ರ ಎರಡನೇ ಸಂಬಳ

ಡೋತ್ಸೆಯನ್ನು ಊರೆಲ್ಲ ಮೇಷ್ಟ್ರು ಎಂದೇ ಕರೆಯುತ್ತಿತ್ತು, ಈಗಲೂ ಕೆಲವರು ಕರೆಯುತ್ತಾರೆ. ನಾನು ಕರೆಯುವುದಿಲ್ಲ. ಹದಿಮೂರು ವರ್ಷ ಅವನ ಪಕ್ಕದ ತರಗತಿಯಲ್ಲಿ ಪಾಠ ಮಾಡಿದವಳು ನಾನು. ಅವನ ಆರನೇ ತರಗತಿಗೂ ನನ್ನ ನಾಲ್ಕನೇ ತರಗತಿಗೂ ನಡುವೆ ಇದ್ದದ್ದು ತೆಂಗಿನ ಗರಿಯ ಒಂದು ತಡಿಕೆ. ಆ ತಡಿಕೆಯ ಆಚೆ ಗೊರಕೆ ಕೇಳಿದ್ದೇನೆ, ಫೋನಿನಲ್ಲಿ ಫುಟ್‌ಬಾಲ್ ವರದಿ ಕೇಳಿದ್ದೇನೆ, ಪಾಠ ಕೇಳಿದ್ದು ಮಾತ್ರ ಅಪರೂಪ.

ನೋಡುವುದಕ್ಕೆ ಮೇಷ್ಟ್ರೇ, ಅದರಲ್ಲಿ ಮೋಸವಿಲ್ಲ. ಇಸ್ತ್ರಿ ಕೆಡದ ಅಂಗಿ, ಜೇಬಿನಲ್ಲಿ ಮೂರು ಪೆನ್ನು, ಅವುಗಳಲ್ಲಿ ಬರೆಯುವುದು ಒಂದು. ನಮ್ಮ ಡೆಗ್ಬೆಕೊಪೆ ಸಮುದ್ರಕ್ಕೂ ಉಪ್ಪುನೀರಿನ ಸರೋವರಕ್ಕೂ ನಡುವೆ ಸಿಕ್ಕಿಕೊಂಡ ಮರಳಿನ ಪಟ್ಟಿ. ಇಲ್ಲಿ ಎಲ್ಲರಿಗೂ ನಾಲ್ಕಾರು ಪಾತಿ ಸಣ್ಣ ಈರುಳ್ಳಿ ಇರುತ್ತದೆ, ಡೋತ್ಸೆಗೂ ಇತ್ತು. ಅವನ ಪಾತಿಗೆ ನೀರು ಹೊರುತ್ತಿದ್ದವರು ಮಾತ್ರ ಆರನೇ ತರಗತಿಯ ಮಕ್ಕಳು. ಬುಧವಾರ, ಶುಕ್ರವಾರ ಕೃಷಿ ಪಾಠ ಎಂದು ವೇಳಾಪಟ್ಟಿಯಲ್ಲೇ ಬರೆದಿದ್ದ. ಒಮ್ಮೆ ಬಂದ ಇನ್‌ಸ್ಪೆಕ್ಟರು ಅದನ್ನು ನೋಡಿ, ಮಕ್ಕಳು ಕೈಯಾರೆ ಮಾಡಿ ಕಲಿಯುತ್ತಿದ್ದಾರೆ ಎಂದು ಹೊಗಳಿದರು. ಹೋಗುವಾಗ ಅವರ ಕಾರಿನಲ್ಲಿ ಒಂದು ಚೀಲ ಈರುಳ್ಳಿಯೂ ಹೋಯಿತು.

ಅವನು ಹೋದ ವರ್ಷ ಜನವರಿಯಲ್ಲಿ ಕೆಲಸ ಬಿಟ್ಟ. ಸರೋವರದ ಆಚೆ ದಡದ ಉಪ್ಪಿನ ಕಂಪನಿಯಲ್ಲಿ ಉಗ್ರಾಣ ನೋಡಿಕೊಳ್ಳುವ ಕೆಲಸ ಸಿಕ್ಕಿತ್ತು. ಸಂಬಳ ಹೆಚ್ಚು, ಓಡಾಡಲು ಕಂಪನಿಯದೇ ಮೋಟಾರ್ ಸೈಕಲ್ಲು. ರಾಜೀನಾಮೆ ಪತ್ರ ಬರೆದು ಹೆಡ್ಮಿಸ್ಟ್ರೆಸ್ ಜಿಗ್ಬೋದಿ ಮೇಡಂ ಕೈಗೆ ಕೊಟ್ಟ. ಪತ್ರದಲ್ಲಿ ನಾಲ್ಕು ತಪ್ಪಿತ್ತು. ಮೇಡಂ ಕೆಂಪು ಪೆನ್ನಿನಲ್ಲಿ ತಿದ್ದಿ, ಇನ್ನೊಮ್ಮೆ ಬರೆಸಿ, ಆಮೇಲೆ ತಾವೇ ವ್ಯಾನು ಹತ್ತಿ ಪೇಟೆಯ ಶಿಕ್ಷಣ ಕಚೇರಿಗೆ ಮುಟ್ಟಿಸಿ ಬಂದರು. ಕಚೇರಿಯವರು ಪತ್ರ ತೆಗೆದುಕೊಂಡು ಮೇಜಿನ ಮೇಲಿನ ಕಾಗದದ ಟ್ರೇಯಲ್ಲಿ ಇಟ್ಟರು. ಅದು ಅಲ್ಲೇ ಇತ್ತು.

ಜಿಗ್ಬೋದಿ ಮೇಡಂ ವಿಷಯ ಹೇಳಲೇಬೇಕು, ಯಾಕೆಂದರೆ ಡೋತ್ಸೆಯ ಚಾಲಾಕಿತನಕ್ಕೆ ಬೆಲೆ ತೆತ್ತವರು ಅವರು. ಗಂಡ ಸತ್ತು ಬಹಳ ವರ್ಷವಾಗಿತ್ತು. ವಾಸ ಶಾಲೆಯ ಆವರಣದ ಸರ್ಕಾರಿ ಮನೆಯಲ್ಲಿ. ಡಿಸೆಂಬರಿಗೆ ಅರವತ್ತು ತುಂಬಿ ನಿವೃತ್ತಿ, ಅಂದೇ ಮನೆ ಬಿಡಬೇಕು. ಬಿಟ್ಟು ಹೋಗುವುದಕ್ಕೆಂದು ಚರ್ಚಿನ ಹಿಂದೆ ಎರಡು ಕೋಣೆಯ ಮನೆ ಕಟ್ಟಿಸುತ್ತಿದ್ದರು. ಒಂದು ವರ್ಷ ಇಟ್ಟಿಗೆ, ಒಂದು ವರ್ಷ ಸಿಮೆಂಟು, ಹೀಗೆ ಹನ್ನೊಂದು ವರ್ಷದಲ್ಲಿ ಗೋಡೆ ಎದ್ದಿತ್ತು, ಚಾವಣಿ ಇರಲಿಲ್ಲ. ನಿವೃತ್ತಿಯ ದಿನ ಒಟ್ಟಿಗೆ ಬರುವ ಹಣವೇ ಆ ಚಾವಣಿ. ತಗಡಿನ ಬಣ್ಣ ಕೂಡ ಆರಿಸಿದ್ದರು, ಹಸಿರು.

ಸರ್ಕಾರಿ ಸಂಬಳ ಬರಬೇಕಾದರೆ ಹೆಡ್ಮಿಸ್ಟ್ರೆಸ್ ಪ್ರತಿ ತಿಂಗಳು ಕಂಪ್ಯೂಟರಿನಲ್ಲಿ ಒಬ್ಬೊಬ್ಬ ಮೇಷ್ಟ್ರ ಹೆಸರಿನ ಮುಂದೆ ‘ಕೆಲಸದಲ್ಲಿದ್ದಾರೆ’ ಎಂದು ಗುರುತು ಹಾಕಬೇಕು. ಅದಕ್ಕೆ ಕೊಡುವುದು ನಾಲ್ಕೈದು ದಿನ. ದಿನ ತಪ್ಪಿದರೆ ಇಡೀ ಶಾಲೆಗೆ ಸಂಬಳವಿಲ್ಲ. ಶಾಲೆಯಲ್ಲಿ ಕಂಪ್ಯೂಟರಿಲ್ಲ, ಫೋನು ಹಿಡಿದು ಗೋಡೆ ಹತ್ತಿದರೂ ನೆಟ್‌ವರ್ಕಿಲ್ಲ. ಹಾಗಾಗಿ ಸುತ್ತಿನ ಹೆಡ್‌ಮಾಸ್ಟರುಗಳೆಲ್ಲ ಸಂತೆ ಬೀದಿಯ ಸೇನಾ ಎಂಬವನ ಕಂಪ್ಯೂಟರ್ ಅಂಗಡಿಗೆ ಹೋಗಿ, ಹೆಸರಿನ ಪಟ್ಟಿಯನ್ನೂ ಪಾಸ್‌ವರ್ಡನ್ನೂ ಒಂದೇ ಚೀಟಿಯಲ್ಲಿ ಬರೆದುಕೊಟ್ಟು ಮನೆಗೆ ಬರುತ್ತಿದ್ದರು. ಹದಿನೇಳು ಶಾಲೆಯ ಬೀಗದ ಕೈ ಸೇನಾನ ಒಂದು ಹಳೇ ನೋಟ್‌ಬುಕ್ಕಿನಲ್ಲಿತ್ತು. ಇದು ತಪ್ಪು ಎಂದು ಯಾರಿಗೂ ಅನ್ನಿಸಿರಲಿಲ್ಲ, ಜಿಗ್ಬೋದಿ ಮೇಡಂಗೂ ಅನ್ನಿಸಿರಲಿಲ್ಲ.

ಫೆಬ್ರವರಿಯ ಚೀಟಿಯಲ್ಲಿ ಮೇಡಂ ಕೆಂಪಕ್ಷರದಲ್ಲಿ ‘ಡೋತ್ಸೆ ಕೆಲಸ ಬಿಟ್ಟಿದ್ದಾರೆ’ ಎಂದು ಬರೆದು ಅಡಿಗೆರೆ ಎಳೆದಿದ್ದರು. ಸೇನಾ ಓದಿದ್ದ ಕೂಡ. ಆಮೇಲೆ ಕೇಳಿದಾಗ ಅವನು ನಾಚಿಕೆಯಿಲ್ಲದೆ ಹೇಳಿದ್ದು ಇಷ್ಟು: “ಇದ್ದಾರೆ ಅಂದ್ರೆ ಒಂದೇ ಒತ್ತು, ಮೇಡಂ. ಇಲ್ಲ ಅಂದ್ರೆ ಏಳು ಪ್ರಶ್ನೆ ಕೇಳುತ್ತೆ. ಯಾಕಿಲ್ಲ, ಯಾವತ್ತಿಂದ, ಪತ್ರದ ನಂಬರೇನು. ಮೂರನೇ ಪ್ರಶ್ನೆಗೇ ನೆಟ್‌ವರ್ಕ್ ಹೋಗ್ತಿತ್ತು. ಒಬ್ಬರಿಗೋಸ್ಕರ ಎಲ್ಲರ ಸಂಬಳ ಯಾಕೆ ನಿಲ್ಲಿಸ್ಲಿ ಅಂತ ಒತ್ಬಿಟ್ಟೆ.” ತಿಂಗಳು ತಿಂಗಳೂ ಒತ್ತಿದ.

ಮೊದಲ ತಿಂಗಳು ಫೋನಿಗೆ ಸಂಬಳದ ಸಂದೇಶ ಬಂದಾಗ ಅದು ಹಳೆಯ ಬಾಕಿ ಇರಬೇಕು ಎಂದು ಡೋತ್ಸೆ ಅಂದುಕೊಂಡನಂತೆ. ಇರಲಿ, ನಂಬೋಣ. ಎರಡನೇ ತಿಂಗಳೂ ಬಂತು. ಮೂರನೆಯದು ಬಂದ ಮೇಲೆ ಮನುಷ್ಯನಿಗೆ ಕಾನೂನಿನ ಮೇಲೆ ಎಲ್ಲಿಲ್ಲದ ಆಸಕ್ತಿ ಹುಟ್ಟಿತು. ನನ್ನ ಚಿಕ್ಕಪ್ಪ ಅಗ್ಬೋಲಿ ಮೂವತ್ತು ವರ್ಷ ನ್ಯಾಯಾಲಯದಲ್ಲಿ ಗುಮಾಸ್ತರಾಗಿದ್ದವರು, ಈಗ ನಮ್ಮ ಅಂಗಳದ ಬೇವಿನ ಮರದ ಕೆಳಗೆ ದಾಮ್ ಎಂಬ ಮಣೆಯಾಟ ಆಡುತ್ತಾ ಕಾಲ ಕಳೆಯುತ್ತಾರೆ. ಏಪ್ರಿಲ್ ತಿಂಗಳ ಒಂದು ಸಂಜೆ ಡೋತ್ಸೆ ಬಂದು ಅವರ ಎದುರು ಕೂತ. ನಾನು ಅಲ್ಲೇ ಒಲೆಯ ಮುಂದೆ ಆಕ್ಪ್ಲೆ ಮುದ್ದೆ ತಿರುವುತ್ತಿದ್ದೆ.

“ಟೊಗ್ಬಿ,” ಎಂದ, ನಮ್ಮಲ್ಲಿ ಅಜ್ಜಂದಿರನ್ನು ಕರೆಯುವ ಹಾಗೆ, ಬಲು ವಿನಯದಿಂದ. “ಒಬ್ಬ ಗೆಳೆಯನ ವಿಷಯ ಕೇಳ್ಬೇಕಿತ್ತು.”

“ಯಾವ ಗೆಳೆಯ?”

“ದೂರದವನು, ನಿಮಗೆ ಗೊತ್ತಿಲ್ಲ. ಸರ್ಕಾರಿ ಕೆಲಸ ಬಿಟ್ಟಿದ್ದಾನೆ. ಆದ್ರೂ ಸಂಬಳ ಬರ್ತಾನೇ ಇದೆ.”

ಚಿಕ್ಕಪ್ಪ ಕಾಯಿ ನಡೆಸುತ್ತಲೇ ಕೇಳಿದರು: “ಅವನಿಗೂ ಉಪ್ಪಿನ ಕಂಪನೀಲೇ ಕೆಲ್ಸ ಸಿಕ್ತಾ?”

ಡೋತ್ಸೆ ಕೇಳಿಸದವನ ಹಾಗೆ ಚಪ್ಪಲಿಯ ಮರಳು ಕೊಡವಿಕೊಂಡ. ಚಿಕ್ಕಪ್ಪ ಮುಂದುವರಿಸಿದರು. “ನಿನ್ನ ಗೆಳೆಯನಿಗೆ ಹೇಳು. ಕೆಲ್ಸ ಬಿಟ್ಟ ಮೇಲೆ ಬಂದ ಸಂಬಳ ಅವನದ್ದಲ್ಲ. ಗೊತ್ತಾದ ದಿನವೇ ಕಚೇರಿಗೆ ಬರೆದು ತಿಳಿಸ್ಬೇಕು, ಬ್ಯಾಂಕಿಗೊಂದು ಕಾಗದ ಕೊಡ್ಬೇಕು, ಎರಡಕ್ಕೂ ಸೀಲು ಹಾಕಿಸಿ ನಕಲು ಇಟ್ಕೋಬೇಕು. ದುಡ್ಡು ಮುಟ್ಟಬಾರ್ದು. ಅಲ್ಲಿಗೆ ಅವನ ಕೆಲ್ಸ ಮುಗೀತು.”

“ತಪ್ಪು ಅವರದ್ದಲ್ವಾ, ಟೊಗ್ಬಿ?”

“ತಪ್ಪು ಅವರದ್ದು. ದುಡ್ಡೂ ಅವರದ್ದೇ.”

“ನಾನೇನು ಕೇಳಿದ್ನಾ? ಅಂದ್ರೆ, ಅವನೇನು ಕೇಳಿದ್ನಾ? ತಾನಾಗೇ ಬಂದಿದ್ದು.”

“ಪಕ್ಕದ ಮನೆ ಮೇಕೆ ತಾನಾಗೇ ನಿನ್ನ ಹಿತ್ತಲಿಗೆ ಬಂತು. ಕಟ್ಟಿ ಹಾಕಿ ಕೂಗಿ ಹೇಳಿದ್ರೆ ನೀನು ಒಳ್ಳೆ ನೆರೆಯವನು. ಗೊತ್ತಿಲ್ದೆ ಸಾರು ಮಾಡ್ಕೊಂಡೆ ಅನ್ನು, ಮೇಕೆ ಬೆಲೆ ಕೊಡು, ಸಾಕು. ಗೊತ್ತಿದ್ದೂ ಸಾರು ಮಾಡ್ಕೊಂಡ್ರೆ ಬೆಲೆನೂ ಕೊಡ್ಬೇಕು, ಜೈಲಿಗೂ ಹೋಗ್ಬೇಕು. ಈಗ ನಿಂಗೆ ಗೊತ್ತಾಯ್ತಲ್ಲ, ನಿನ್ನ ಗೆಳೆಯನಿಗೆ ಹೇಳು.”

“ಹೇಳ್ತೀನಿ,” ಎಂದು ಡೋತ್ಸೆ ಎದ್ದ. ನಾನು ಒಲೆಯ ಮುಂದಿನಿಂದಲೇ, “ಊಟ ಮಾಡ್ಕೊಂಡು ಹೋಗಿ ಎಫೋ, ನಿಮ್ಮ ಗೆಳೆಯನಿಗೂ ಒಂದು ತುತ್ತು ಕಟ್ಟಿಕೊಡ್ತೀನಿ,” ಎಂದೆ. ಮೇಷ್ಟ್ರೇ ಎನ್ನದೆ ಬರೀ ಅಣ್ಣಾ ಎಂದು ಕರೆದದ್ದು ಅವನಿಗೆ ಚುಚ್ಚಿರಬೇಕು, ನೇರ ಹೋಗಿ ಮೋಟಾರ್ ಸೈಕಲ್ ಹತ್ತಿದ.

ಹೇಳಿದ್ದು ಹಿಡಿಸಲಿಲ್ಲವಲ್ಲ, ಬೇರೆ ಕಡೆ ಕೇಳುತ್ತಾ ಹೊರಟ. ಕ್ಷೌರದ ಅಂಗಡಿಯವನು, ರಾಜಧಾನಿ ಆಕ್ರಾದಲ್ಲಿ ಕೂತವರು ಲಾರಿಗಟ್ಟಲೆ ತಿನ್ನುವಾಗ ನೀನು ಬೊಗಸೆಯಷ್ಟು ತಿಂದರೇನು ಎಂದ. ಬ್ಯಾಂಕಿನ ಕಾವಲುಗಾರ, ಖಾತೆ ನಿನ್ನದಾದರೆ ಅದರಲ್ಲಿರುವುದೂ ನಿನ್ನದೇ ಎಂದ. ಕೊನೆಗೆ ಅವನ ಹೊಸ ಚರ್ಚಿನ ಪಾದ್ರಿ, ಇದು ಆಶೀರ್ವಾದ, ಮೂಲ ಹುಡುಕಬಾರದು ಎಂದು ತೀರ್ಪು ಕೊಟ್ಟರು. ಡೋತ್ಸೆಗೆ ಬೇಕಾದ ಕಾನೂನು ಅಲ್ಲಿ ಸಿಕ್ಕಿತು. ಅಂದಿನಿಂದ ಎರಡೂ ಸಂಬಳ ಖರ್ಚಾಗತೊಡಗಿದವು. ಮನೆಯ ಮುಂದೆ ತಗಡಿನ ಚಪ್ಪರ ಬಂತು, ಹೆಂಡತಿಗೆ ಮೂರು ಜೊತೆ ಬಟ್ಟೆ ಬಂತು, ಮಾವನ ಅಂತ್ಯಕ್ರಿಯೆಯ ದಿನ ತಾನು ಕೊಟ್ಟ ಕಾಣಿಕೆಯ ಮೊತ್ತವನ್ನು ಮೈಕಿನಲ್ಲಿ ಎರಡು ಸಲ ಓದಿಸಿದ.

ಇಷ್ಟಕ್ಕೇ ನಿಂತಿದ್ದರೆ ಬಹುಶಃ ಇನ್ನೂ ತಿನ್ನುತ್ತಿದ್ದ. ಆದರೆ ಒಳ್ಳೆಯದಾದರೆ ಬಾಯಿ ಮುಚ್ಚಿಕೊಂಡು ಅನುಭವಿಸುವ ಜನ ನಾವಲ್ಲ. ಒಳ್ಳೆಯದಾದರೆ ಚರ್ಚಿನಲ್ಲಿ ಎದ್ದು ನಿಂತು ಸಾಕ್ಷಿ ಹೇಳಬೇಕು, ಇಲ್ಲದಿದ್ದರೆ ಬಂದ ಆಶೀರ್ವಾದ ಹಿಂದಕ್ಕೆ ಹೋಗುತ್ತದೆ. ಆಗಸ್ಟಿನಲ್ಲಿ ಡೋತ್ಸೆ ಕೃತಜ್ಞತಾ ಭಾನುವಾರ ಇಟ್ಟುಕೊಂಡ. ಶಾಲೆಯವರನ್ನೆಲ್ಲ ಕರೆದ. ಜಿಗ್ಬೋದಿ ಮೇಡಂ ಹಳೇ ಮಿಷನ್ ಚರ್ಚಿನವರು, ಬ್ಯಾಂಡು ಬಾರಿಸುವ ಕಡೆ ಕಾಲಿಡುವವರಲ್ಲ. ನಾನು ಹೋಗಿದ್ದೆ.

ಬಿಳಿ ಬಟ್ಟೆ ಉಟ್ಟು, ಕರವಸ್ತ್ರ ಬೀಸುತ್ತಾ, ಹಿಂದೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಕುಣಿಯುತ್ತಾ ಬಂದ. ಇಬ್ಬರು ಹೊತ್ತು ತಂದ ದೊಡ್ಡ ಫ್ಯಾನೊಂದನ್ನು ವೇದಿಕೆಯ ಮುಂದೆ ಇಡಿಸಿದ. ಆಮೇಲೆ ಮೈಕು ಹಿಡಿದ.

“ನಾನು ಕೆಲ್ಸ ಬಿಟ್ಟೆ,” ಎಂದ. “ಕೆಲ್ಸ ನನ್ನನ್ನ ಬಿಡ್ಲಿಲ್ಲ.”

ಜನ ಹಲ್ಲೆಲೂಯ ಎಂದರು.

“ಜನವರಿಯಿಂದ ಆ ಶಾಲೆ ಬಾಗಿಲು ತುಳಿದಿಲ್ಲ. ಆದ್ರೂ ತಿಂಗಳಿಗೆ ಎರಡು ಸಲ ನನ್ನ ಫೋನ್ ಹಾಡುತ್ತೆ. ಒಂದು ಉಪ್ಪಿನದು, ಒಂದು ಸೀಮೆಸುಣ್ಣದ್ದು. ಕೆಲವರು ಬರೆದು ಕೊಡು, ವಾಪಸ್ ಕೊಡು ಅಂತ ಹೆದರಿಸಿದ್ರು. ನಾನು ಹೆದರ್ಲಿಲ್ಲ. ನನ್ನ ಹೆಡ್ಮಿಸ್ಟ್ರೆಸ್ ಕಣ್ಣಿಗೆ ದೇವರೇ ಪರದೆ ಎಳೆದಿದ್ದಾನೆ. ನನ್ನ ಹೆಸರು ಅವರ ಮುಂದೇ ಇರುತ್ತೆ, ಅವರಿಗೆ ಕಾಣಲ್ಲ.”

ಡ್ರಮ್ಮು ಬಾರಿಸಿತು. ಪಾದ್ರಿ ಅವನ ತಲೆಯ ಮೇಲೆ ಕೈಯಿಟ್ಟು ಮೂರನೇ ಸಂಬಳಕ್ಕೂ ಪ್ರಾರ್ಥಿಸಿದರು. ಸಾಕ್ಷಿ ಹೇಳುವುದನ್ನು ಚರ್ಚಿನವರು ಯಾವಾಗಲೂ ರೆಕಾರ್ಡ್ ಮಾಡಿ ಎಲ್ಲರ ಫೋನಿಗೂ ಹಂಚುತ್ತಾರೆ, ಇದನ್ನೂ ಹಂಚಿದರು. ಮೀನು ಮಾರುವ ಹೆಂಗಸರ ಫೋನುಗಳಲ್ಲಿ ಅದು ಊರಿಂದೂರಿಗೆ ಹೋಯಿತು. ಅಕ್ಟೋಬರಿನ ಹೊತ್ತಿಗೆ ಲೆಕ್ಕ ತಪಾಸಣೆಯ ಅಧಿಕಾರಿಯೊಬ್ಬರ ಫೋನು ಮುಟ್ಟಿತು. ಕಚೇರಿಯ ಎಂಟು ರಿಜಿಸ್ಟರುಗಳಿಂದ ಆಗದ ಕೆಲಸವನ್ನು ಡೋತ್ಸೆ ಒಂದೇ ಮೈಕಿನಲ್ಲಿ ಮಾಡಿ ಮುಗಿಸಿದ.

ಎರಡು ನೋಟಿಸು ಬಂದವು. ಒಂದು ಡೋತ್ಸೆಗೆ, ಒಂಬತ್ತು ತಿಂಗಳ ಸಂಬಳ ವಾಪಸ್ಸು ಮಾಡು ಎಂದು. ಇನ್ನೊಂದು ಜಿಗ್ಬೋದಿ ಮೇಡಂಗೆ. ಇಲ್ಲದವನನ್ನು ಇದ್ದಾನೆ ಎಂದು ಗುರುತು ಹಾಕಿದವರೂ ಆ ಹಣಕ್ಕೆ ಹೊಣೆ, ಅದು ತೀರುವವರೆಗೆ ನಿವೃತ್ತಿಯ ಹಣ ತಡೆಹಿಡಿಯಲಾಗಿದೆ ಎಂದು. ಮೇಡಂ ಆ ಕಾಗದವನ್ನು ಸ್ಟಾಫ್ ರೂಮಿನಲ್ಲಿ ಎರಡು ಸಲ ಓದಿ ಕನ್ನಡಕ ಒರೆಸಿಕೊಂಡರು. ಸೇನಾನ ಅಂಗಡಿಗೆ ಹೋಗಿ ಕೇಳಿದ್ದು, ಆ ಏಳು ಪ್ರಶ್ನೆಯ ಕಥೆ ಹೊರಬಿದ್ದದ್ದು ಅಂದೇ. ಸಂಜೆ ನನ್ನನ್ನು ಜೊತೆಗೆ ಕರೆದುಕೊಂಡು ಡೋತ್ಸೆಯ ಮನೆಗೆ ಹೋದರು.

ಹೊಸ ಚಪ್ಪರದ ಕೆಳಗೆ ಕುರ್ಚಿ ಹಾಕಿಸಿದ, ಹೆಂಡತಿ ನೀರು ತಂದಳು. ನೀರು ಕುಡಿದ ಮೇಲೆ ಬಂದ ಕಾರಣ ಕೇಳುವುದು ಪದ್ಧತಿ. ಅವನು ಕೇಳಲಿಲ್ಲ, ಮೇಡಂ ತಾವಾಗಿಯೇ ಹೇಳಿದರು.

“ಡೋತ್ಸೆ, ಬ್ಯಾಂಕಲ್ಲಿ ಎಷ್ಟು ಉಳಿದಿದೆಯೋ ಅಷ್ಟು ನಾಳೆ ಕಟ್ಟಿಬಿಡಪ್ಪ. ಉಳಿದದ್ದಕ್ಕೆ ಇಷ್ಟು ದಿನದಲ್ಲಿ ಕಟ್ತೀನಿ ಅಂತ ಕಾಗದ ಕೊಡೋಣ. ನಾನೇ ಬರೀತೀನಿ, ನೀನು ಸಹಿ ಹಾಕಿದ್ರೆ ಸಾಕು.”

“ಉಳಿಯೋದು ಎಲ್ಲಿಂದ ಮೇಡಂ, ಸಂಸಾರ ಇರೋನು ನಾನು.”

“ಚಪ್ಪರ ಮಾರ್ಬಹುದಲ್ಲ,” ಎಂದೆ ನಾನು.

“ನೀನು ಸುಮ್ನಿರು ಅಕು,” ಎಂದ. ಆಮೇಲೆ ಮೇಡಂ ಕಡೆ ತಿರುಗಿ, ಆರನೇ ತರಗತಿಗೆ ಎಂದೂ ತೋರಿಸದ ತಾಳ್ಮೆಯಿಂದ ವಿವರಿಸಿದ. “ನಾನು ಕೆಲ್ಸ ಬಿಟ್ಟೆ ಅಂತ ಪತ್ರ ಕೊಟ್ಟೆ. ನನ್ನ ಕಡೆಯಿಂದ ಮುಗೀತು. ಗುರುತು ಹಾಕಿದ್ದು ಯಾರು? ನೀವು. ನಾನು ಮನೇಲಿ ಕೂತಿದ್ದೆ. ದುಡ್ಡು ಬಂದಿದ್ದು ನಂಗೆ ಗೊತ್ತೇ ಆಗ್ಲಿಲ್ಲ, ಎಲ್ಲಾ ಉಪ್ಪಿನ ಕಂಪನೀದೇ ಅನ್ಕೊಂಡಿದ್ದೆ. ಕಚೇರೀಲೂ ಇದನ್ನೇ ಹೇಳೋದು.”

ಮೇಡಂ ಕುಡಿದ ಲೋಟವನ್ನು ಕೆಳಗಿಟ್ಟು ಎದ್ದರು. ಇಪ್ಪತ್ತೊಂಬತ್ತು ವರ್ಷ ಮಕ್ಕಳ ಸುಳ್ಳು ಕೇಳಿದವರು, ಇಷ್ಟು ಕಳಪೆ ಸುಳ್ಳು ಹೇಳಿದವನನ್ನು ಆಗೆಲ್ಲ ಮೂಲೆಯಲ್ಲಿ ನಿಲ್ಲಿಸುತ್ತಿದ್ದರು. ಅಂದು ಅವನ ಹೆಂಡತಿಗೆ, ನೀರು ತಣ್ಣಗಿತ್ತು ತಾಯಿ ಎಂದಷ್ಟೇ ಹೇಳಿ ಹೊರಟರು.

ವಿಚಾರಣೆ ನವೆಂಬರಿನಲ್ಲಿ ಪೇಟೆಯ ಕಚೇರಿಯಲ್ಲಿ ನಡೆಯಿತು. ಶಾಲೆಯ ಹಾಜರಿ ಪುಸ್ತಕ ಹೊತ್ತುಕೊಂಡು ನಾನೂ ಹೋಗಿದ್ದೆ. ತಪಾಸಣೆಯ ಅಧಿಕಾರಿ ಸಣ್ಣ ಪ್ರಾಯದ ಹೆಂಗಸು, ಮೆಲುದನಿಯವರು. ಡೋತ್ಸೆ ಮೂರೂ ಪೆನ್ನು ಸಿಕ್ಕಿಸಿಕೊಂಡು ಬಂದು ತನಗೇನೂ ಗೊತ್ತಿರಲಿಲ್ಲ ಎಂದು ಬೈಬಲ್ ಮುಟ್ಟಿ ಹೇಳಿದ. ಪಾಪ, ಓದು ಬರಹ ಇಲ್ಲದವನ ಹಾಗೆ, ಬ್ಯಾಂಕಿನ ಸಂದೇಶ ತನಗೆ ಅರ್ಥವಾಗುವುದಿಲ್ಲ ಎಂದೂ ಹೇಳಿದ. ಹದಿಮೂರು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದ ಸಂಬಳ ತಿಂದವನ ಬಾಯಲ್ಲಿ ಬಂದ ಮಾತು ಇದು.

ಅಧಿಕಾರಿ ತಮ್ಮ ಫೋನನ್ನು ಮೇಜಿನ ಮೇಲಿಟ್ಟು ಒತ್ತಿದರು. ನಾನು ಕೆಲ್ಸ ಬಿಟ್ಟೆ, ಕೆಲ್ಸ ನನ್ನನ್ನ ಬಿಡ್ಲಿಲ್ಲ ಎಂದು ಡೋತ್ಸೆಯ ದನಿ ಕೋಣೆಯ ತುಂಬ ಮೊಳಗಿತು. ಡೋತ್ಸೆ ಕುರ್ಚಿಯಲ್ಲಿ ಕುಸಿದು ಕುಸಿದು ಅಂಗಿಯ ಕಾಲರಿನೊಳಗೆ ಇಳಿದ. ಪರದೆಯ ಮಾತು ಬಂದಾಗ ಅಧಿಕಾರಿ ಮೇಡಂ ಕಡೆ ನೋಡಿದರು. ಅಷ್ಟರಲ್ಲಿ ರೆಕಾರ್ಡಿನಲ್ಲಿ, ಹಲ್ಲೆಲೂಯಗಳ ನಡುವೆ, ಮೈಕಿನ ಹತ್ತಿರದಲ್ಲೇ ಒಬ್ಬ ಹೆಂಗಸು ಗಹಗಹಿಸಿ ನಕ್ಕಿದ್ದು ಕೇಳಿಸಿತು. ಅಧಿಕಾರಿ ಫೋನು ನಿಲ್ಲಿಸಿದರು.

“ಗೊತ್ತಿದ್ದೂ ತಿಂದಿದ್ದೀರಿ,” ಎಂದರು ಡೋತ್ಸೆಗೆ. “ನಿಮ್ಮ ಬಾಯಲ್ಲೇ ಇದೆ. ಕಟ್ತೀರೋ, ಪೊಲೀಸರಿಗೆ ಕೊಡ್ಲೋ?”

ಕಟ್ಟುತ್ತೇನೆ ಎಂದ. ತಿಂಗಳಿಗೆ ಇಷ್ಟು ಎಂದು ಅಂಗಲಾಚಿ ಆರು ವರ್ಷದ ಕಂತು ಮಾಡಿಸಿಕೊಂಡ. ಆಮೇಲೆ ಅಧಿಕಾರಿ ಮೇಡಂ ಕಡೆ ತಿರುಗಿ ದನಿ ಇನ್ನೂ ತಗ್ಗಿಸಿದರು.

“ನೀವು ಅವರ ಜೊತೆ ಸೇರಿರ್ಲಿಲ್ಲ ಅನ್ನೋದೂ ಇದರಲ್ಲೇ ಗೊತ್ತಾಗುತ್ತೆ ಮೇಡಂ. ಅವರ ರಾಜೀನಾಮೆ ಪತ್ರ ನೀವು ತಂದು ಕೊಟ್ಟಿದ್ದೂ ನಿಜ. ಆದ್ರೆ ಪಾಸ್‌ವರ್ಡ್ ನಿಮ್ಮದು, ಅದು ನಿಮ್ಮ ಸಹಿ ಇದ್ದ ಹಾಗೆ. ಅವರು ಕಟ್ಟೋ ತನಕ ಸರ್ಕಾರ ಕಾಯಲ್ಲ. ಹಣ ನಿಮ್ಮ ನಿವೃತ್ತಿ ಮೊತ್ತದಿಂದ ಮುರ್ಕೊಳ್ತಾರೆ, ಅವರ ಕಂತು ನಿಮಗೆ ಬರುತ್ತೆ. ನೀವಾಗೇ ಮುಂಚೆ ಬಂದು ಹೀಗಾಗಿದೆ ಅಂತ ಒಂದು ಕಾಗದ ಕೊಟ್ಟಿದ್ರೆ ನಿಮ್ಮ ಮೇಲೆ ಏನೂ ಬರ್ತಿರ್ಲಿಲ್ಲ. ಅವರಿಗೆ ಸಂಬಳ ಹೋಗ್ತಿರೋದು ಗೊತ್ತಿರ್ಲಿಲ್ವಾ?”

“ಗೊತ್ತಿರ್ಲಿಲ್ಲ,” ಎಂದರು ಮೇಡಂ. “ನಂಗೆ ಯಾರೂ ಹೇಳ್ಲಿಲ್ಲ.”

ಡೋತ್ಸೆ ಮೊದಲ ಎರಡು ಕಂತು ಕಟ್ಟಿದ್ದಾನೆ, ಮೂರನೆಯದಕ್ಕೆ ನೆಪ ಹುಡುಕುತ್ತಿದ್ದಾನೆ. ಜಿಗ್ಬೋದಿ ಎಂಬ ಮುದುಕಿಯಿಂದ ತನಗೆ ಅನ್ಯಾಯವಾಯಿತು ಎಂದು ಕ್ಷೌರದ ಅಂಗಡಿಯಲ್ಲಿ ಕೂತು ಹೇಳುತ್ತಾನೆ, ಕೇಳುವವರೂ ಇದ್ದಾರೆ. ಅವನ ಕಥೆ ಇಷ್ಟೇ, ಇದಕ್ಕಿಂತ ಹೆಚ್ಚಿಗೆ ಅವನಲ್ಲಿ ಏನೂ ಇಲ್ಲ.

ವಿಚಾರಣೆ ಮುಗಿಸಿ ಬರುವಾಗ ಮೇಡಂ, ನಾನು ವ್ಯಾನಿನ ಹಿಂದಿನ ಸೀಟಿನಲ್ಲಿ ಕೂತಿದ್ದೆವು. ಸರೋವರದ ಸೇತುವೆ ದಾಟುವವರೆಗೂ ನಾನು ಡೋತ್ಸೆಯನ್ನು ಬೈಯುತ್ತಿದ್ದೆ. ಅವನ ಫ್ಯಾನು, ಅವನ ಚಪ್ಪರ, ಅವನ ಮೂರು ಪೆನ್ನು, ಒಂದನ್ನೂ ಬಿಡಲಿಲ್ಲ.

“ಅಕು,” ಎಂದರು ಮೇಡಂ. “ಆ ರೆಕಾರ್ಡಲ್ಲಿ ನಕ್ಕಿದ್ದು ನೀನಲ್ವಾ?”

ಹದಿಮೂರು ವರ್ಷ ನನ್ನ ನಗು ಕೇಳಿದವರಿಗೆ ಏನೆಂದು ಸುಳ್ಳು ಹೇಳಲಿ? “ಹೌದು ಮೇಡಂ,” ಎಂದೆ.

“ಆಗಸ್ಟಲ್ಲೇ ಗೊತ್ತಿತ್ತು.”

“ಏಪ್ರಿಲ್‌ನಲ್ಲೇ ಗೊತ್ತಿತ್ತು.”

ಅವರು ಕಿಟಕಿಯಿಂದ ನನ್ನ ಕಡೆ ತಿರುಗಿದರು. “ದಿನಾ ಮಧ್ಯಾಹ್ನ ನನ್ನ ಜೊತೆ ಕೂತು ಊಟ ಮಾಡಿದೆ,” ಎಂದರು. “ಅವನಿಗಾದ್ರೆ ದುಡ್ಡು ಬರ್ತಿತ್ತು, ಸುಮ್ನಿದ್ದ. ನಿಂಗೇನು ಬರ್ತಿತ್ತಮ್ಮ?”

ನನ್ನ ಬಳಿ ಉತ್ತರ ಇತ್ತು. ಅವನು ಇನ್ನಷ್ಟು ಎತ್ತರ ಹತ್ತಲಿ, ಬಿದ್ದಾಗ ಚೆನ್ನಾಗಿ ಬೀಳಲಿ ಎಂದು ನಾನು ತಿಂಗಳುಗಟ್ಟಲೆ ಕಾದಿದ್ದೆ, ಮನೆಯಲ್ಲಿ ಅವನ ಸುದ್ದಿ ಹೇಳಿಕೊಂಡು ನಕ್ಕಿದ್ದೆ. ಕೆಳಗೆ ಮೇಡಂ ನಿಂತಿದ್ದಾರೆ ಎಂದು ಒಮ್ಮೆಯೂ ನೋಡಲಿಲ್ಲ. ಅದನ್ನು ಅವರಿಗೆ ಹೇಳುವ ಮುಖ ನನಗಿರಲಿಲ್ಲ.

ಡೆಗ್ಬೆಕೊಪೆ ಬಂತು. ವ್ಯಾನಿನವನು ದುಡ್ಡಿಗೆ ಕೈ ಚಾಚಿದಾಗ ಮೇಡಂ ಉಟ್ಟ ಬಟ್ಟೆಯ ತುದಿಯ ಗಂಟು ಬಿಚ್ಚಿ, ಯಾವಾಗಲೂ ಮಾಡುವ ಹಾಗೆ, ಇಬ್ಬರದ್ದೂ ಕೊಟ್ಟು ಇಳಿದು ಮುಂದೆ ನಡೆದರು.